ನಮ್ಮ ಹುಡುಗಿಯದು ಮೆಝೊ-ಸೊಪ್ರಾನೊ ಧ್ವನಿ. ಆತುರ ಬೇಡ ಅಂತ ಮನೆಯವರಿಗೆ ಹೇಳೋದು ಹೇಗೆ?

ಬಸವನಗುಡಿ ಸೋದರತ್ತೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ನನ್ನ ಅಣ್ಣನ ಮಗಳಿಗೆ ಈಗ 25. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹಾಡ್ತಾಳೆ, ಒಪೆರಾ (ಹಾಡಿನಲ್ಲೇ ನಡೆಯೋ ನಾಟಕ), ಕಛೇರಿ ಎರಡೂ. ಲಂಡನ್ನಿನಲ್ಲಿ ಓದು ಮುಗಿಸಿ ಎರಡು ವರ್ಷದಿಂದ ಅಲ್ಲೇ ದುಡೀತಿದ್ದಾಳೆ. ಈ ತಿಂಗಳು ಊರಿಗೆ ಬಂದು ನಮ್ಮನೇಲೇ ಇದ್ದಾಳೆ. ಬರೋ ಶನಿವಾರ ಸಂಜೆ ಇಂದಿರಾನಗರದ ಒಂದು ಚಿಕ್ಕ ಸಭಾಂಗಣದಲ್ಲಿ ಅವಳ ಗಾಯನ. ಜೊತೆಗೆ ಪಿಯಾನೊ ಮಾತ್ರ, ಮೈಕ್ ಇಲ್ಲ.

ನಮ್ಮವರೆಲ್ಲ ಅವಳನ್ನ ತುಂಬಾ ಪ್ರೀತಿಸ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಬಂದವರೆಲ್ಲ ಕೇಳೋದು ಒಂದೇ: ದೊಡ್ಡ ಪಾತ್ರ ಯಾವಾಗ? ಕಾರ್ಮೆನ್ (ಅದೇ ಹೆಸರಿನ ಒಪೆರಾದ ಮುಖ್ಯ ಪಾತ್ರ) ಯಾವಾಗ? ಇನ್ನೂ ಸ್ವಲ್ಪ ಎತ್ತರಕ್ಕೆ ಹಾಡಿದ್ರೆ ನಾಯಕಿ ಪಾತ್ರ ಸಿಗುತ್ತಂತಲ್ಲ, ಯಾಕೆ ಪ್ರಯತ್ನ ಮಾಡಬಾರದು? ಎಲ್ಲರಿಗಿಂತ ಹೆಚ್ಚು ಕೇಳೋದು ಅವರಪ್ಪ, ಅಂದರೆ ನನ್ನಣ್ಣ. ಸಾಲ ಮಾಡಿ ಕಳಿಸಿದವನು, ಕೇಳೋ ಹಕ್ಕು ಅವನಿಗಿದೆ. ಅವಳು ನಕ್ಕು ಸುಮ್ಮನಾಗ್ತಾಳೆ. ಆ ನಗು ನೋಡಿದಾಗಲೆಲ್ಲ ನನಗೆ ಹನ್ನೊಂದು ವರ್ಷದ ಹಿಂದಿನ ಒಂದು ಸಂಜೆ ನೆನಪಾಗುತ್ತೆ.

ಅವಳು ಆರು ವರ್ಷದಿಂದ ಹದಿನಾಲ್ಕರವರೆಗೆ ಕರ್ನಾಟಕ ಸಂಗೀತ ಕಲಿತಳು. ಶ್ರುತಿಜ್ಞಾನ ಚೆನ್ನಾಗಿತ್ತು, ಆದರೆ ಶಾರೀರ ದಪ್ಪ. ಹೆಣ್ಣುಮಗು ಅಂದ್ಮೇಲೆ ಐದೂವರೆ ಮನೆಯಂಥ ಎತ್ತರದ ಶ್ರುತೀಲಿ ಹಾಡಲೇಬೇಕು ಅಂತ ಪಾಠ ಹೇಳೋರು ಹಟ ಹಿಡಿದರು. ತಾರಸ್ಥಾಯಿಗೆ ಹೋದಾಗಲೆಲ್ಲ ಕತ್ತಿನ ನರ ಎದ್ದು ಕಾಣೋದು. ಒಂದು ದಿನ ಎಲ್ಲರ ಮುಂದೆ "ಗಂಡಸಿನ ಗಂಟಲು" ಅಂದುಬಿಟ್ಟರು. ಮನೆಗೆ ಬಂದವಳೇ ಶ್ರುತಿಪೆಟ್ಟಿಗೆ ನನ್ನ ಕೈಗೆ ಕೊಟ್ಟು, "ಅತ್ತೆ, ಇದು ನೀವೇ ಇಟ್ಕೊಳ್ಳಿ" ಅಂದಳು. ಆಮೇಲೆ ಎರಡು ವರ್ಷ ಹಾಡಲೇ ಇಲ್ಲ.

ಪಿಯುಸಿಯಲ್ಲಿ ಕಾಲೇಜಿನ ಕ್ವಾಯರ್‌ಗೆ (ಗುಂಪು ಹಾಡಿನ ತಂಡಕ್ಕೆ) ಗೆಳತಿ ಎಳೆದುಕೊಂಡು ಹೋದಳು. ಅಲ್ಲಿನ ಮೇಡಂ ಹತ್ತು ನಿಮಿಷ ಹಾಡಿಸಿ ನೋಡಿ, ನಿನ್ನ ಗಂಟಲಲ್ಲಿ ಏನೂ ತಪ್ಪಿಲ್ಲ, ನೀನು ಮೆಝೊ, ಅಂದರಂತೆ. ಇಟಾಲಿಯನ್‌ನಲ್ಲಿ ಮೆಝೊ ಅಂದರೆ ಅರ್ಧ, ನಡು. ಹೆಣ್ಣು ಧ್ವನಿಗಳಲ್ಲಿ ಎತ್ತರದ ಸೊಪ್ರಾನೊಗೂ ತೀರಾ ತಗ್ಗಿನ ಕಾಂಟ್ರಾಲ್ಟೊಗೂ ನಡುವಿನದು.

ಈಗ ನನ್ನ ಪ್ರಶ್ನೆ. ಈ ಧ್ವನಿ ಹಣ್ಣಾಗೋಕೆ ಕಾಲ ಬೇಕು ಅಂತ ಅವಳ ಗುರುಗಳು ಹೇಳ್ತಾರೆ. ಇದನ್ನ ಅಣ್ಣನಿಗೆ ಕನ್ನಡದಲ್ಲಿ ಮನವರಿಕೆ ಮಾಡೋದು ಹೇಗೆ? ತಿಳಿದವರು ದಯವಿಟ್ಟು ಬರೀರಿ. ಶನಿವಾರ ಬಿಡುವಿದ್ದರೆ ಬನ್ನಿ ಕೂಡ.

ಕಂಟೋನ್ಮೆಂಟ್ ಆಲ್ಟೊ

ಸೋದರತ್ತೆಯವರೇ, ಓದಿ ಕಣ್ಣು ತುಂಬಿತು. ನಾನು ಮೂವತ್ತು ವರ್ಷದಿಂದ ಚರ್ಚ್ ಕ್ವಾಯರ್‌ನಲ್ಲಿ ಆಲ್ಟೊ (ತಗ್ಗಿನ ಹೆಣ್ಣು ಧ್ವನಿಯ) ಸಾಲಿನಲ್ಲಿ ನಿಂತು ಹಾಡಿದವಳು. ಜನ ಮನೆಗೆ ಗುನುಗಿಕೊಂಡು ಹೋಗೋ ರಾಗ ಸೊಪ್ರಾನೊಗಳದು. ನಾವು ಒಳಗಿನ ಎಳೆ. ಆದರೆ ನಾವು ಒಂದು ಸಾಲು ನಿಲ್ಲಿಸಿದರೆ ಇಡೀ ಹಾಡು ಟೊಳ್ಳಾಗುತ್ತೆ.

ಡಿಸೆಂಬರ್ ಬಂತು ಅಂದರೆ ಈ ಊರಿನ ಕ್ವಾಯರ್‌ಗಳಲ್ಲಿ ಹ್ಯಾಂಡೆಲ್‌ನ 'ಮೆಸ್ಸಾಯ' (ಯೇಸುವಿನ ಕುರಿತ ದೊಡ್ಡ ಗಾಯನ ಕೃತಿ) ಅಭ್ಯಾಸ ಶುರು. ಅದರಲ್ಲಿ ಯೇಸುವನ್ನು ಜನ ತಿರಸ್ಕರಿಸಿದ ಭಾಗವನ್ನು ಆಲ್ಟೊ ಅಥವಾ ಮೆಝೊ ಧ್ವನಿಗೇ ಕೊಡೋದು. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲ ಸಲ ಅದನ್ನು ಹಾಡಿದ ಸುಸಾನಾ ಸಿಬರ್ ನಾಟಕದ ನಟಿ. ಅವರದು ಭಾರೀ ಧ್ವನಿ ಏನಲ್ಲ, ಆದರೆ ಮಾತನ್ನು ಎದೆಗೆ ಮುಟ್ಟಿಸೋದು ಗೊತ್ತಿತ್ತು. ಆ ಭಾಗದಲ್ಲಿ ಸ್ವರಕ್ಕಿಂತ ವಿರಾಮ ದೊಡ್ಡದು. 25ರ ಹುಡುಗಿ ಅದನ್ನು ಚೆನ್ನಾಗಿ ಹಾಡಬಹುದು, 40ಕ್ಕೆ ಹಾಡಿದಾಗ ಅದು ಬೇರೆಯೇ ಆಗುತ್ತೆ. ನಿಮ್ಮಣ್ಣನವರಿಗೆ ಇದನ್ನು ಹೇಳಿ.

ಶನಿವಾರ ನಾವು ನಾಲ್ಕು ಜನ ಬರ್ತೀವಿ.

ಮಲ್ಲೇಶ್ವರದ ವೀಣೆ

ನಾನು ಕರ್ನಾಟಕ ಸಂಗೀತದವಳು. ಪಾಠ ಹೇಳಿದವರು ಆಡಿದ ಮಾತು ತಪ್ಪು, ಅದಕ್ಕೆ ಸಮರ್ಥನೆ ಇಲ್ಲ. ಆದರೆ ಒಂದು ವಿಷಯ ನೋಡಿ. ಐದನೇ ಮನೆ ಶ್ರುತಿ ಅಂದರೆ ಹೆಂಗಸರ ಷಡ್ಜ (ಸ) ಸುಮಾರು 196 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಮಂದ್ರ ಪಂಚಮ (ಕೆಳಗಿನ ಪ) 147ರ ಹತ್ತಿರ, ತಾರಸ್ಥಾಯಿ ಪಂಚಮ (ಮೇಲಿನ ಪ) 587ರ ಹತ್ತಿರ. ಮೆಝೊ ಪಾತ್ರಗಳು ಸಾಮಾನ್ಯವಾಗಿ 220ರಿಂದ 880ರವರೆಗೆ ಓಡಾಡ್ತವೆ. ಅಂದರೆ 'ತಗ್ಗಿನ ಧ್ವನಿ' ಅನ್ನೋ ನಿಮ್ಮ ಹುಡುಗಿ ಈಗ ನಮ್ಮ ಬಹಳಷ್ಟು ಗಾಯಕಿಯರಿಗಿಂತ ಎತ್ತರಕ್ಕೆ ಹಾಡ್ತಿದ್ದಾಳೆ!

ವ್ಯತ್ಯಾಸ ಇರೋದು ದಾರಿಯಲ್ಲಿ. ನಾವು ಎದೆಯ ತುಂಬು ಧ್ವನಿಯನ್ನೇ ಮೇಲಕ್ಕೆ ಒಯ್ತೀವಿ. ಮೇಲೆ ಹೋಗಿ ತಲೆಯ ಧ್ವನಿಗೆ ಜಾರಿದರೆ ಕಳ್ಳ ಶಾರೀರ ಅಂತ ಬೈಸ್ಕೋತೀವಿ. ಅವರು ಆ ಕಳ್ಳ ಶಾರೀರವನ್ನೇ ವರ್ಷಗಟ್ಟಲೆ ತಿದ್ದಿ ತೀಡಿ, ಎದೆ ಧ್ವನಿಗೆ ಬೆಸುಗೆ ಹಾಕ್ತಾರೆ. ಬೆಸುಗೆ ಕಾಣಬಾರದು, ಅದೇ ವಿದ್ಯೆ. ಮಗುವಿನ ಕತ್ತಿನ ನರ ಎದ್ದು ಕಂಡಿದ್ದು ಗಂಟಲು ದಪ್ಪ ಅಂತಲ್ಲ, ಆ ಗಂಟಲಿಗೆ ಮೇಲಿನ ದಾರಿ ಯಾರೂ ತೋರಿಸಿರಲಿಲ್ಲ.

ಒಂದು ಅನುಮಾನ ನನ್ನದು. ಮೈಕ್ ಇಲ್ಲದೆ ಅರವತ್ತು ವಾದ್ಯಗಳ ಮುಂದೆ ಒಬ್ಬಳ ಧ್ವನಿ ಕೇಳಿಸೋದು ಹೇಗೆ? ಕಿರುಚದೆ?

ಧ್ವನಿ ಕೆಲಸದವನು, ಜೆ.ಪಿ. ನಗರ

ವೀಣೆಯವರ ಅನುಮಾನಕ್ಕೆ ನಾನು ಉತ್ತರ ಕೊಡಬಲ್ಲೆ, ಇಪ್ಪತ್ತು ವರ್ಷ ನಾಟಕಕ್ಕೂ ಕಛೇರಿಗೂ ಧ್ವನಿವರ್ಧಕ ಕಟ್ಟಿದ್ದೀನಿ.

ಆರ್ಕೆಸ್ಟ್ರಾದ ಶಬ್ದದ ಬಲ ಹೆಚ್ಚಾಗಿರೋದು 500 ಹರ್ಟ್ಸ್ ಸುತ್ತಮುತ್ತ. ಅಲ್ಲಿಂದ ಮೇಲೆ ಹೋದಂತೆ ಅದು ಇಳೀತಾ ಬರುತ್ತೆ. ತರಬೇತಿ ಪಡೆದ ಒಪೆರಾ ಗಾಯಕರು ಗಂಟಲಿನ ಒಳಗಿನ ಜಾಗವನ್ನು ಹೊಂದಿಸಿಕೊಂಡು 3000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಹೊಳಪು ತರ್ತಾರೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಇದನ್ನು ಅಳೆದು ವಿವರಿಸಿದ ವಿಜ್ಞಾನಿ. ನಮ್ಮ ಕಿವಿಯೂ ಆ ಜಾಗದಲ್ಲೇ ತುಂಬಾ ಚುರುಕು. ವಾದ್ಯಗಳು ದುರ್ಬಲವಾಗಿರೋ ಕಡೆ ಧ್ವನಿ ನುಗ್ಗುತ್ತೆ, ಕಿರುಚೋ ಅಗತ್ಯ ಬೀಳಲ್ಲ. ಗಂಡು ಧ್ವನಿಗಳಲ್ಲಿ, ತಗ್ಗಿನ ಹೆಣ್ಣು ಧ್ವನಿಗಳಲ್ಲಿ ಈ ಗುಣ ಎದ್ದು ಕಾಣುತ್ತೆ. ತೀರಾ ಎತ್ತರದ ಸೊಪ್ರಾನೊ ಬೇರೆ ಉಪಾಯ ಮಾಡ್ತಾಳೆ, ಬಾಯಿ ಅಗಲಿಸಿ ಅನುರಣನವನ್ನು (ಬಾಯಿಯೊಳಗಿನ ಮೊಳಗನ್ನು) ಸ್ವರದ ಎತ್ತರಕ್ಕೇ ಕೂಡಿಸ್ತಾಳೆ.

ಶನಿವಾರ ನಾನು ಬಂದು ಕೊನೆಯ ಸಾಲಿನಲ್ಲಿ ಕೂತ್ಕೋತೀನಿ.

ಬಸವನಗುಡಿ ಸೋದರತ್ತೆ

ನೀವು ಹೇಳಿದ ಮೇಲೆ ಮೈಕ್ ವಿಷಯ ನೆನಪಾಯ್ತು. ಮೂರು ವರ್ಷದ ಹಿಂದೆ ರಜಕ್ಕೆ ಬಂದಾಗ ಒಂದು ಸಮಾರಂಭದಲ್ಲಿ ಹಾಡೋಕೆ ಕರೆದಿದ್ದರು. ಬೇಡ ಅಂದರೂ ಕೈಗೆ ಮೈಕ್ ಕೊಟ್ಟು, ಮೇಲಿಂದ ಪ್ರತಿಧ್ವನಿ ಬೇರೆ ಸೇರಿಸಿದರು. ಮೂರನೇ ಸಾಲಿಗೆ ಸ್ಪೀಕರ್ ಒದರಿತು, ಜನ ಕಿವಿ ಮುಚ್ಚಿಕೊಂಡರು. ಅವಳು ಅರ್ಧಕ್ಕೆ ನಿಲ್ಲಿಸಿ ಕೈಮುಗಿದು ಇಳಿದಳು. ಅವತ್ತು ಅಣ್ಣನೂ ಅಲ್ಲಿದ್ದ. ಅವನು ಅವಳನ್ನು ಪೂರ್ತಿ ಕೇಳಿಯೇ ಇಲ್ಲ, ಈಗ ಬರೀತಾ ಹೊಳೀತಿದೆ.

ಹುಬ್ಬಳ್ಳಿಯಾಂವ, ಈಗ ಯಲಹಂಕ

ಅಕ್ಕಾರ, "ಗಂಡಸಿನ ಗಂಟಲು" ಅಂದ್ರಂತ ಓದಿ ಸಿಟ್ಟು ಬಂತು ನೋಡ್ರಿ. ನಮ್ಮ ಗಂಗೂಬಾಯಿ ಹಾನಗಲ್ ಅವರಿಗೂ ಹಿಂಗ ಅಂದಿದ್ದರು. 1930ರ ದಶಕದ ಗ್ರಾಮೊಫೋನ್ ತಟ್ಟಿ ಕೇಳಿದ್ರ ಅವರದು ಸಣ್ಣ, ಎತ್ತರದ ಧ್ವನಿ. ಆಮ್ಯಾಲೆ ಗಂಟಲಿನ ಶಸ್ತ್ರಚಿಕಿತ್ಸೆ ಆಗಿ ಧ್ವನಿ ದಪ್ಪ ಆತು. ಅವರೇನು ಮುಚ್ಚಿಟ್ಟುಕೊಂಡು ಕೂತರೇನ್ರಿ? ಅದ ಧ್ವನಿಯೊಳಗ ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆ (ಗುರುಪರಂಪರೆ) ಹಾಡೂ ರೀತಿನ ಜಗತ್ತಿಗೆ ಕೇಳಿಸಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನಾಗ ಹೋಗಿ ಸವಾಯಿ ಗಂಧರ್ವರ ಮುಂದ ಕೂತು ಒಂದೊಂದು ಸ್ವರ ತಿಕ್ಕಿ ತಿಕ್ಕಿ ಕಲತವರು. ವಿಲಂಬಿತದಾಗ ಒಂದು ಆಲಾಪಿ ಏಳೂದಕ್ಕ ಎಷ್ಟು ಹೊತ್ತು ಬೇಕು, ಅವಸರ ಮಾಡಿದ್ರ ರಾಗ ಎಲ್ಲಿ ಉಳೀತದ? ನಿಮ್ಮ ಅಣ್ಣಾರಿಗೆ ಗಂಗೂಬಾಯಿಯವರ ಮಾರವಾ ರಾಗ ಒಮ್ಮೆ ಕೇಳಸ್ರಿ. ಬಾಯಿಲೆ ಹೇಳೂದೇ ಬ್ಯಾಡ.

ವಿಜಯನಗರ ಓದುಗ

ತಪ್ಪು ತಿಳೀಬೇಡಿ, ಮನಸ್ಸಿನಲ್ಲಿರೋದನ್ನ ಕೇಳ್ತೀನಿ. ಇಷ್ಟು ಪ್ರತಿಭೆ ಇರೋ ಕನ್ನಡದ ಹುಡುಗಿ ನಮ್ಮ ಸಂಗೀತ ಬಿಟ್ಟು ಪರದೇಶದ ಸಂಗೀತಕ್ಕೆ ಆಯಸ್ಸು ತೇಯೋದು ಯಾಕೆ? ಅವರಲ್ಲಿ ಹಾಡುವವರು ಕಡಿಮೆಯೇ?

ಮೈಸೂರು ಅಗ್ರಹಾರ

ಓದುಗರೇ, ನಿಮ್ಮ ಪ್ರಶ್ನೆಗೆ ನಮ್ಮ ಮೈಸೂರೇ ಉತ್ತರ. ಜಯಚಾಮರಾಜ ಒಡೆಯರ್ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅವರೇ ಪಿಯಾನೊ ಕಲಿತು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಪದವಿ ಪಡೆದವರು. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಸಂಗೀತ ಧ್ವನಿಮುದ್ರಣವಾಗಲು ಹಣ ಕೊಟ್ಟರು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು (ಪಿಯಾನೊ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸೋ ಕೃತಿ) ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ.

ಇನ್ನೂ ಒಂದಿದೆ. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡರು. ಅವರ ಕೊನೆಯ ನಾಲ್ಕು ಗೀತೆಗಳು ಮೊದಲ ಸಲ ಲೋಕದ ಕಿವಿಗೆ ಬಿದ್ದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವರು ಸೊಪ್ರಾನೊ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಆರ್ಕೆಸ್ಟ್ರಾ ನಡೆಸಿದವರು ಫುರ್ಟ್‌ವೆಂಗ್ಲರ್. ಖರ್ಚಿಗೆ ಬೆಂಬಲ ಕೊಟ್ಟವರು ಜಯಚಾಮರಾಜ ಒಡೆಯರ್. ಅವರಿಗೆ 'ಶ್ರೀವಿದ್ಯಾ' ಅಂಕಿತದ ಕೃತಿ ಬೇರೆ, ಸ್ಟ್ರಾಸ್ ಬೇರೆ ಅನ್ನೋ ಜಗಳವೇ ಇರಲಿಲ್ಲ.

ಮಲ್ಲೇಶ್ವರದ ವೀಣೆ

ಅಗ್ರಹಾರದವರ ಮಾತಿಗೆ ಒಂದು ಸೇರಿಸ್ತೀನಿ. ನಮ್ಮ ಬಡಾವಣೆಯ ಚೌಡಯ್ಯ ಸ್ಮಾರಕ ಭವನ ಇರೋದೇ ಪಿಟೀಲಿನ ಆಕಾರದಲ್ಲಿ. ಪಿಟೀಲು ಎಲ್ಲಿಂದ ಬಂತು? ಪಶ್ಚಿಮದಿಂದ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕಲಿತು ತಂದರು, ಚೌಡಯ್ಯನವರು ಏಳು ತಂತಿ ಕಟ್ಟಿ ನಮ್ಮದು ಮಾಡಿಕೊಂಡರು. ಬರೋ ಬಾಗಿಲಿನಲ್ಲೇ ಹೋಗೋಕೂ ಬಿಡಬೇಕಲ್ವೇ?

ವಿಜಯನಗರ ಓದುಗ

ಒಪ್ಪಿದೆ. ಒಡೆಯರ ವಿಷಯ ಗೊತ್ತಿರಲಿಲ್ಲ. ಶನಿವಾರ ಎಷ್ಟು ಗಂಟೆಗೆ?

ಬಸವನಗುಡಿ ಸೋದರತ್ತೆ

ಆರೂವರೆಗೆ, ಬನ್ನಿ.

ಪರದೇಶದ ಸಂಗೀತ ಅಂದಿರಲ್ಲ, ಮೊನ್ನೆ ನಡೆದದ್ದು ಹೇಳ್ತೀನಿ. ಊಟದ ಮೇಜಿನ ಮೇಲೆ ಇಟಾಲಿಯನ್ ಹಾಡಿನ ಪುಟ ಹರಡಿಕೊಂಡು, ಸೀಸದಕಡ್ಡಿಯಲ್ಲಿ ಪ್ರತಿ ಪದದ ಕೆಳಗೆ ಕನ್ನಡ ಅಕ್ಷರ ಬರೀತಿದ್ದಳು. ಇಂಗ್ಲಿಷ್ ಮಾತಾಡೋ ಸಹಪಾಠಿಗಳಿಗೆ ಇಟಾಲಿಯನ್ 'ತ' ಬರೋಕೆ ತಿಂಗಳು ಹಿಡೀತಂತೆ, ಅವರ ನಾಲಿಗೆ 'ಟ' ಕಡೆಗೇ ಓಡುತ್ತೆ. ಇವಳಿಗೆ ಅದು ತಾತ, ತುತ್ತು ಅಂದಷ್ಟೇ ಸಲೀಸು. ಒತ್ತಕ್ಷರವೂ ಹಾಗೇ. ನಮಗೆ 'ಕತೆ' ಬೇರೆ 'ಕತ್ತೆ' ಬೇರೆ. ಇಟಾಲಿಯನ್‌ನಲ್ಲೂ 'ಫಾತೊ' ಅಂದರೆ ವಿಧಿ, 'ಫಾತ್ತೊ' ಅಂದರೆ ಮಾಡಿದ್ದು. ಒತ್ತು ಬಿಟ್ಟರೆ ಅರ್ಥವೇ ಹೋಯ್ತು. ಪದಗಳು ಹೆಚ್ಚಾಗಿ ನಮ್ಮಲ್ಲಿನ ಹಾಗೆ ಸ್ವರಾಕ್ಷರದಲ್ಲೇ ಮುಗಿಯೋದರಿಂದ ಉಸಿರು ಎಲ್ಲೂ ಕಟ್ಟಲ್ಲ. "ಅತ್ತೆ, ಅಲ್ಲಿ ಎಲ್ಲರೂ ನನ್ನ ಉಚ್ಚಾರಣೆ ಹೊಗಳ್ತಾರೆ, ಅದು ನಂದಲ್ಲ, ನಮ್ಮ ಅಜ್ಜಿದು" ಅಂದಳು.

ಬನಶಂಕರಿ ಅಪ್ಪ

ನಾನೂ ಹೆಣ್ಣುಮಗಳ ತಂದೆ, ನಿಮ್ಮಣ್ಣನ ಪರ ಒಂದು ಮಾತು. ಐಗುಲ್ ಅಖ್ಮೆತ್ಶಿನಾ ಅನ್ನೋ ಮೆಝೊ ಹುಟ್ಟಿದ್ದು 1996ರಲ್ಲಿ, ರಷ್ಯಾದ ಬಾಶ್ಕೊರ್ತೊಸ್ತಾನದ ಹಳ್ಳಿಯಲ್ಲಿ. 2023ರ ಡಿಸೆಂಬರ್ 31ಕ್ಕೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ಹೊಸ 'ಕಾರ್ಮೆನ್'ನಲ್ಲಿ ಅವಳೇ ಕಾರ್ಮೆನ್. ಇನ್ನೂ 27. ಹಾಗಿದ್ದರೆ ಕಾಯಬೇಕು ಅನ್ನೋದು ಎಷ್ಟರಮಟ್ಟಿಗೆ ನಿಜ? ಜೊತೆಗೆ, ಈ ಕೆಲಸದಲ್ಲಿ ಹೊಟ್ಟೆಪಾಡು ನಡೆಯುತ್ತಾ?

ಬಸವನಗುಡಿ ಸೋದರತ್ತೆ

ಒಳ್ಳೆ ಪ್ರಶ್ನೆ, ಅಣ್ಣನೂ ಇದನ್ನೇ ಕೇಳ್ತಾನೆ. ನಿಮ್ಮ ಪ್ರಶ್ನೆಯನ್ನ ಅವಳಿಗೇ ಓದಿ ಹೇಳಿದೆ. ಅವಳ ಉತ್ತರ: ಐಗುಲ್ ಅವರ ಗಂಟಲು ಬೇಗ ಸಿದ್ಧವಾಯ್ತು, ಲಂಡನ್ನಿನ ರಾಯಲ್ ಒಪೆರಾದ ಯುವ ಕಲಾವಿದರ ತರಬೇತಿಯಲ್ಲಿ ಅವರನ್ನು ಜೋಪಾನವಾಗಿ ಬೆಳೆಸಿದರು. ಜರ್ಮನಿಯ ಕ್ರಿಸ್ಟಾ ಲುಡ್ವಿಗ್ 18ಕ್ಕೇ ರಂಗ ಹತ್ತಿ, ನಡುವೆ ಸೊಪ್ರಾನೊ ಪಾತ್ರಗಳನ್ನೂ ಹಾಡಿ, ಮತ್ತೆ ಮೆಝೊಗೇ ಮರಳಿ, 60 ದಾಟಿದ ಮೇಲೂ ಹಾಡ್ತಿದ್ದರು. ಒಬ್ಬೊಬ್ಬರ ಗಂಟಲಿಗೆ ಒಂದೊಂದು ಪಂಚಾಂಗ.

ಅವಳು ಇಲ್ಲಿವರೆಗೆ ಮಾಡಿದ್ದು: ಓದೋವಾಗ ಮೊಜಾರ್ಟ್‌ನ 'ಫಿಗರೊ'ದಲ್ಲಿ ಕೆರುಬೀನೊ. ಆಮೇಲೆ ಊರೂರು ಸುತ್ತೋ ಚಿಕ್ಕ ತಂಡದಲ್ಲಿ 'ಹಾನ್ಸೆಲ್ ಮತ್ತು ಗ್ರೇಟೆಲ್'ನ ಹಾನ್ಸೆಲ್. ಎರಡೂ ಹುಡುಗರ ಪಾತ್ರ. ಮೆಝೊಗಳಿಗೆ ಹುಡುಗನ ವೇಷ ಬಹಳ. ನಮ್ಮ ಅತ್ತಿಗೆ ಮೊದಲು ಬೇಜಾರು ಮಾಡ್ಕೊಂಡರು. ನಾನು ಆರ್. ನಾಗರತ್ನಮ್ಮನವರನ್ನ ನೆನಪಿಸಿದೆ. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನಾಗಿ ರಂಗ ನಡುಗಿಸಿದವರು. ಅತ್ತಿಗೆ ಚಿಕ್ಕವರಿದ್ದಾಗ ಆ ಕಂಸನನ್ನು ನೋಡಿದ್ದರು. ಅಲ್ಲಿಗೆ ಬೇಜಾರು ಕರಗಿತು.

ಹೊಟ್ಟೆಪಾಡು ಸುಲಭ ಇಲ್ಲ. ತಿಂಗಳ ಸಂಬಳ ಅಂತಿಲ್ಲ, ಪ್ರದರ್ಶನಕ್ಕಿಷ್ಟು. ಹೋದ ವರ್ಷ ಒಬ್ಬ ಹಿರಿಯ ಗಾಯಕಿಗೆ ಬದಲಿಯಾಗಿ ಇರೋ ಕೆಲಸ ಸಿಕ್ಕಿತ್ತು. ಅವರಿಗೆ ಹುಷಾರು ತಪ್ಪಿದರೆ ಇವಳು ರಂಗಕ್ಕೆ. ಇಡೀ ಪಾತ್ರ ಬಾಯಿಪಾಠ ಮಾಡಿ, ಪ್ರತಿ ರಾತ್ರಿ ಫೋನ್ ಪಕ್ಕ ಕಾದಳು. ಒಂದು ರಾತ್ರಿಯೂ ಕರೆ ಬರಲಿಲ್ಲ. ಡಿಸೆಂಬರ್‌ನಲ್ಲಿ, ಈಸ್ಟರ್ ಹೊತ್ತಿಗೆ ಚರ್ಚುಗಳಲ್ಲಿ ಹ್ಯಾಂಡೆಲ್, ಬಾಕ್ ಹಾಡೋ ಕೆಲಸ ಬರುತ್ತೆ, ಅದರಿಂದ ಮನೆ ಬಾಡಿಗೆ. ಉಳಿದ ದಿನ ಮಕ್ಕಳಿಗೆ ಪಾಠ. ಈ ಲೆಕ್ಕವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ, ಅಪ್ಪನ ಸಾಲದ ಕಂತೂ ಅದರಲ್ಲಿದೆ.

ಗಂಟಲು ಡಾಕ್ಟರ್, ಕೋರಮಂಗಲ

ಚಿಕ್ಕದಾಗಿ ಬರೀತೀನಿ. 880 ಹರ್ಟ್ಸ್ ಸ್ವರ ಅಂದರೆ ಧ್ವನಿತಂತುಗಳು ಸೆಕೆಂಡಿಗೆ 880 ಸಲ ಒಂದಕ್ಕೊಂದು ತಾಗ್ತವೆ. ತಯಾರಿಲ್ಲದ ಗಂಟಲಿಂದ ಭಾರದ ಪಾತ್ರ ಹಾಡಿಸಿದರೆ ಅಲ್ಲಿ ಗಂಟು ಏಳಬಹುದು. ನನ್ನ ಹತ್ತಿರ ಬರೋ ಹಾಡುಗಾರರಲ್ಲಿ ಹೀಗೆ ಅವಸರಕ್ಕೆ ಬಿದ್ದು ಗಂಟಲು ಕೆಡಿಸಿಕೊಂಡ ಎಳೆಯರನ್ನು ನೋಡಿದ್ದೀನಿ. ರಾತ್ರಿ ತಡವಾಗಿ ಊಟ ಮಾಡಿ ಕೂಡಲೇ ಮಲಗೋದು ಬೇಡ, ಹೊಟ್ಟೆಯ ಹುಳಿ ಮೇಲೆ ಬಂದರೆ ತಂತುಗಳು ಊದಿಕೊಳ್ತವೆ. ಈ ಊರಿನ ಧೂಳಿಗೆ ಹಬೆ ಒಳ್ಳೇದು, ನೀರು ಹೆಚ್ಚು ಕುಡೀಲಿ. ಗಂಟಲು ಕಟ್ಟಿದಾಗ ಪಿಸುಮಾತು ಆಡೋದಕ್ಕಿಂತ ಸುಮ್ಮನಿರೋದು ಮೇಲು.

ಬಸವನಗುಡಿ ಸೋದರತ್ತೆ

ತುಂಬಾ ಧನ್ಯವಾದ ಡಾಕ್ಟರೇ. ಅವಳು ಬೆಳಿಗ್ಗೆ ಎದ್ದ ಕೂಡಲೇ ಸ್ಟೀಲ್ ಲೋಟದಲ್ಲಿ ಅರ್ಧ ನೀರು ಹಾಕಿ, ಒಂದು ಸ್ಟ್ರಾ ಅದ್ದಿ, ಅದರೊಳಗೆ ಸ್ವರ ಹಿಡೀತಾಳೆ. ಗುಳುಗುಳು ಅಂತ ಗುಳ್ಳೆ ಏಳುತ್ತೆ, ಸ್ವರ ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ, ಗುಳ್ಳೆ ಮಾತ್ರ ಒಂದೇ ಸಮ ಇರಬೇಕು. ಹದಿನೈದು ನಿಮಿಷ ಇದೇ. ಗಂಟಲಿಗೆ ಭಾರ ಬೀಳದೆ ತಂತುಗಳು ಸಡಿಲಾಗ್ತವಂತೆ. ಬಾಯಿ ಬಿಟ್ಟು ಹಾಡೋದು ಆಮೇಲೆ.

ಧ್ವನಿ ಕೆಲಸದವನು, ಜೆ.ಪಿ. ನಗರ

ಭಾನುವಾರ ಬೆಳಿಗ್ಗೆ ಬರೀತಿದ್ದೀನಿ. ನಿನ್ನೆ ಹೇಳಿದ ಹಾಗೆ ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲೇ ಕೂತಿದ್ದೆ. ಹೊರಗೆ ರಸ್ತೆಯ ಹಾರ್ನ್ ಇತ್ತು. ಅವಳು ತೀರಾ ಮೆಲ್ಲಗೆ ಹಾಡಿದ ಜಾಗದಲ್ಲೂ ಒಂದಕ್ಷರ ತಪ್ಪಲಿಲ್ಲ. ಇಷ್ಟು ವರ್ಷ ನಾನು ಯಂತ್ರದಲ್ಲಿ ತಿರುಗಿಸಿ ತರ್ತಿದ್ದ ಹೊಳಪು ಅದು. ಮನುಷ್ಯರ ಗಂಟಲಿಂದ ನೇರವಾಗಿ ಬಂದಿದ್ದನ್ನ ಇಷ್ಟು ಹತ್ತಿರದಿಂದ ಕೇಳಿದ್ದು ಇದೇ ಮೊದಲು.

ಹುಬ್ಬಳ್ಳಿಯಾಂವ, ಈಗ ಯಲಹಂಕ

ನಾನೂ ಬಂದಿದ್ದೆ. ಭಾಷಾ ತಿಳೀಲಿಲ್ಲ, ಆದ್ರ ಕಣ್ಣೀರು ನಿಲ್ಲಲಿಲ್ಲ. ಮಗಳಿಗೆ ನನ್ನ ಆಶೀರ್ವಾದ ಹೇಳ್ರಿ.

ಬಸವನಗುಡಿ ಸೋದರತ್ತೆ

ಬಂದ ಎಲ್ಲರಿಗೂ ಕೈಮುಗಿದು ಹೇಳ್ತೀನಿ, ನಿಮ್ಮ ಋಣ ದೊಡ್ಡದು. ಬರಲಾಗದವರಿಗಾಗಿ ಸ್ವಲ್ಪ ಬರೀತೀನಿ.

ಕೊನೆಗೆ ಹಾಡಿದ್ದು ಹ್ಯಾಂಡೆಲ್‌ನ 1738ರ ಒಪೆರಾ 'ಸೆರ್ಸೆ'ಯ ಮೊದಲ ಹಾಡು. ಪರ್ಷಿಯಾದ ದೊರೆ ಒಂದು ಮರದ ಕೆಳಗೆ ನಿಂತು, ಇಷ್ಟು ಹಿತವಾದ ನೆರಳು ಇನ್ನೆಲ್ಲೂ ಕಂಡಿಲ್ಲ ಅಂತ ಹಾಡ್ತಾನೆ. ಅಷ್ಟೇ ವಿಷಯ. ಕಾಶ್ಮೀರದ ಚಿನಾರ್ ಅಂತೀವಲ್ಲ, ಅದೇ ಮರ. ಹಾಡೋ ಮುಂಚೆ ಅವಳು ಕನ್ನಡದಲ್ಲಿ ಎರಡು ಮಾತು ಹೇಳಿದಳು: "ನಮ್ಮ ರಸ್ತೆಯಲ್ಲಿ ಒಂದು ಹೊಂಗೆ ಮರ ಇತ್ತು, ಸ್ಕೂಲ್ ವ್ಯಾನಿಗೆ ಅದರ ಕೆಳಗೇ ಕಾಯ್ತಿದ್ದೆ. ಈ ಸಲ ಬಂದಾಗ ಅದು ಇರಲಿಲ್ಲ."

ಆಮೇಲೆ ಮೊದಲ ಸ್ವರ. ಶುರುವಾದದ್ದೇ ಗೊತ್ತಾಗಲಿಲ್ಲ. ಕೇಳಿಸ್ತಿದೆಯೋ ಇಲ್ಲವೋ ಅನ್ನೋ ಹಾಗೆ ಬಂದು, ಒಂದೇ ಉಸಿರಲ್ಲಿ ಮೆಲ್ಲಗೆ ತುಂಬ್ತಾ ತುಂಬ್ತಾ ಕೋಣೆಯಷ್ಟೂ ಆಗಿ, ಮತ್ತೆ ಇಳಿಯಿತು. ನನ್ನ ಪಕ್ಕದಲ್ಲಿ ಅಣ್ಣ. ಅವನ ಕೈ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಿತ್ತು, ಆ ಸ್ವರ ಮುಗಿಯೋವರೆಗೂ ಬಿಡಲಿಲ್ಲ. ಕತ್ತಿನ ನರ ಕಾಣುತ್ತಾ ಅಂತ ನಾನು ಅವಳನ್ನೇ ನೋಡ್ತಿದ್ದೆ. ಕಾಣಲಿಲ್ಲ.

ಮನೆಗೆ ಬರುವಾಗ ಅಣ್ಣ ಒಂದೇ ಕೇಳಿದ: "ಆ ಒಂದು ಸ್ವರಕ್ಕೆ ಎಷ್ಟು ವರ್ಷ ಆಯ್ತಮ್ಮ?" ಅವಳು ಕಿಟಕಿ ಕಡೆ ನೋಡ್ತಾ, "ಆರು ಆಗಿದೆಯಪ್ಪ, ಇನ್ನೂ ನಡೀತಿದೆ" ಅಂದಳು.

ಇವತ್ತು ಬೆಳಿಗ್ಗೆ ನಮ್ಮ ದೊಡ್ಡಮ್ಮನ ಮಗ ಫೋನ್ ಮಾಡಿದ್ದ. ಕಾರ್ಮೆನ್ ಯಾವಾಗ ಅಂತಲೇ ಕೇಳಿರಬೇಕು. ಅಣ್ಣ "ಅದಕ್ಕಿನ್ನೂ ಟೈಮ್ ಇದೆ ಕಣೋ" ಅಂತ ಫೋನ್ ಇಟ್ಟ. ಒಳಕೋಣೆಯಲ್ಲಿ ಲೋಟದ ಗುಳುಗುಳು ಶುರುವಾಗಿತ್ತು. ನಾನು ಚಟ್ನಿಗೆ ಮಿಕ್ಸಿ ಹಾಕಿದ್ದೆ. ಅವನು ಅಡುಗೆಮನೆ ಬಾಗಿಲಿಗೆ ಬಂದು, ಆಮೇಲೆ ರುಬ್ಬು ಅಂತ ಕೈಸನ್ನೆ ಮಾಡಿದ.